ನಾಲ್ಕು ಮಿಲಿಗ್ರಾಂ

"ಚಾರ್ಜ್ ಆದಮೇಲೆ ನಾಲ್ಕು ಮಿಲಿಗ್ರಾಂ ಕಡಿಮೆ ತೋರಿಸ್ತಿದೆ," ಎನ್ನುತ್ತಾ ಮಗಳು ಪರೀಕ್ಷಾಲಯದ ತೂಕದ ಕೋಣೆಯ ಗಾಜಿನ ಬಾಗಿಲು ತೆರೆದು ಹೊರಗೆ ಬಂದಳು. ಬೆಂಚಿನ ಮೇಲೆ ಕೂತಿದ್ದ ಬ್ಯಾಟರಿ ಕಂಪನಿಯ ಮ್ಯಾನೇಜರ್ ಚಪ್ಪಾಳೆ ತಟ್ಟುವುದೊಂದು ಬಾಕಿ. ಅವನ ಪಕ್ಕದಲ್ಲಿ, ಮಗಳು ಮನೆಯಲ್ಲಿ ಮರೆತು ಬಂದಿದ್ದ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಪ್ಪನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು.

ನಾಲ್ಕು ಮಿಲಿಗ್ರಾಂ ಎಂದರೆ ಎಷ್ಟು ಎಂಬುದು ಅವನಿಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಗುಜರಿ ಅಂಗಡಿ ಇಟ್ಟು ಹಳೇ ಕಬ್ಬಿಣ, ಹಳೇ ಬ್ಯಾಟರಿ ತೂಗಿ ಕೊಂಡವನು. ಅವನ ಹತ್ತಿರ ಐವತ್ತು ಗ್ರಾಂಗಿಂತ ಚಿಕ್ಕ ತೂಕದ ಕಲ್ಲೇ ಇರಲಿಲ್ಲ. ಆದರೆ ಮಗಳಿಗೆ ಪ್ರಮಾಣಪತ್ರಕ್ಕೆ ಸಹಿ ಹಾಕುವ ಅಧಿಕಾರ ಸಿಕ್ಕಿದ್ದು ಈ ವಾರ, ಇದು ಅವಳ ಮೊದಲ ಸಹಿ, ಇಷ್ಟು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅರ್ಧ ಗಂಟೆಯಿಂದ ಮ್ಯಾನೇಜರನ ತಲೆ ತಿನ್ನುತ್ತಿದ್ದ: "ನನ್ನ ತಕ್ಕಡಿ ಪಕ್ಕ ಕೂತೇ ಸಾರ್, ಇವಳು ತೂಕ ಕಲಿತಿದ್ದು. ಆರು ವರ್ಷದವಳಿದ್ದಾಗಿಂದ." ಹೆತ್ತವರಿಗೆ ಹೆಗ್ಗಣವೇ ಮುದ್ದು ಅಂದಮೇಲೆ ಇಂಥ ಮಗಳ ವಿಷಯದಲ್ಲಿ ಕೇಳಬೇಕೆ.

"ನಮ್ಮ ಫ್ಯಾಕ್ಟರೀಲೂ ಹೀಗೇ ಬಂದಿತ್ತು ಮೇಡಂ," ಎಂದ ಮ್ಯಾನೇಜರ್. "'ಚಾರ್ಜ್ ಆದಷ್ಟೂ ಹಗುರ' ಅಂತ ಡಬ್ಬದ ಮೇಲೆ ಪ್ರಿಂಟ್ ಕೂಡ ಮಾಡಿಸಿಬಿಟ್ಟಿದ್ದೀವಿ. ನಿಮ್ಮದೊಂದು ಸಹಿ ಬಿದ್ರೆ ಸಾಕು." ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದರು.

"ಈಗಲೇ ಆಗಲ್ಲ ಸಾರ್. ಬ್ಯಾಟರಿ ಇನ್ನೂ ಬೆಚ್ಚಗಿದೆ. ಪೂರ್ತಿ ಆರಲಿ, ಇನ್ನೊಂದ್ಸಲ ತೂಗ್ತೀನಿ."

ಮ್ಯಾನೇಜರನ ಮುಖ ಗಂಟಿಕ್ಕಿತು. "ಅಂಕಿ ನಿಮ್ಮ ಕಣ್ಮುಂದೆನೇ ಇದೆಯಲ್ಲ. ನಾನೇನು ನಿಮ್ಮ ಮೇಲಿನವರ ಹತ್ರ ಮಾತಾಡಬೇಕಾ?"

ಅಪ್ಪನ ಉಬ್ಬಿದ ಎದೆ ಅಲ್ಲೇ ಇಳಿಯಿತು. ಸಹಿಯ ಅಧಿಕಾರ ಬಂದ ವಾರದಲ್ಲೇ ಅದು ಹೋಗಿಬಿಟ್ಟರೆ ಎಂಬ ಹೆದರಿಕೆಗೆ ಬಾಯಿ ಸುಮ್ಮನಿರಲಿಲ್ಲ. "ಬರೆದುಕೊಡಮ್ಮ," ಎಂದ ಮೆಲ್ಲಗೆ. "ನಾಲ್ಕು ಮಿಲಿಗ್ರಾಂ ಏನು ಮಹಾ. ಯಾರ ಗಂಟು ಹೋಗುತ್ತೆ?"

ಮಗಳು ಮ್ಯಾನೇಜರನ ಕಡೆ ತಿರುಗಿದಳು. ಬಿಡಿಸಿ ಹೇಳಿದಳು: "ಬಿಸಿ ಬ್ಯಾಟರಿ ಸುತ್ತ ಇರೋ ಗಾಳಿ ಕಾದು ಮೇಲಕ್ಕೆ ಹೋಗುತ್ತೆ ಸಾರ್. ಹೋಗೋವಾಗ ತಕ್ಕಡಿ ತಟ್ಟೇನ ಒಂಚೂರು ಎತ್ತುತ್ತೆ. ತಟ್ಟೆಗೆ ಅಡಿಯಿಂದ ಕಿರುಬೆರಳು ಕೊಟ್ಟ ಹಾಗೆ. ಅದು ಬೆರಳಿನ ಕೆಲಸ. ಅದನ್ನ ತೂಕ ಅಂತ ಬರೆಯೋಕಾಗಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅಪ್ಪನ ಬಲಗೈಯ ಕಿರುಬೆರಳು ಊಟದ ಡಬ್ಬಿಯ ಅಡಿಯಲ್ಲಿ ತಾನಾಗಿಯೇ ಮಡಚಿಕೊಂಡಿತು. ಕೊಳ್ಳುವವನಿಗೆ ತಟ್ಟೆ ಒಂದಿಷ್ಟು ಮೇಲೆದ್ದರೆ ಅಷ್ಟೂ ಲಾಭ. ಮಾರಲು ಬಂದವರೆಲ್ಲ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದರು. ನಲವತ್ತು ವರ್ಷದಲ್ಲಿ ಒಬ್ಬರೂ ಆ ಬೆರಳನ್ನು ಬಗ್ಗಿ ನೋಡಿದವರಿಲ್ಲ. ನೆಲದ ಮೇಲೆ ಕೂತ ಆರು ವರ್ಷದ ಮಗುವಿನ ಕಣ್ಣಿಗೆ ತಟ್ಟೆಯ ಅಡಿಯೇ ಕಾಣುತ್ತದೆ ಎಂಬುದು ಇಷ್ಟು ದಿನ ಅವನಿಗೆ ಹೊಳೆದಿರಲಿಲ್ಲ.

ಬ್ಯಾಟರಿ ಆರಲು ಒಂದೂವರೆ ಗಂಟೆ ಹಿಡಿಯಿತು. ಗಾಜಿನಾಚೆ ಮಗಳು ಇಕ್ಕಳದಲ್ಲಿ ಬ್ಯಾಟರಿಯನ್ನೆತ್ತಿ ತಟ್ಟೆಯ ಮೇಲಿಟ್ಟಳು, ತಕ್ಕಡಿಯ ಪುಟ್ಟ ಬಾಗಿಲು ಮುಚ್ಚಿದಳು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. ಅಂಕಿಗಳು ಓಡಿ ಓಡಿ ನಿಲ್ಲುವವರೆಗೂ ಆ ಕೈಗಳು ಮುಂದೆ ಬರಲಿಲ್ಲ. ಅಪ್ಪ ಅಂಕಿಯನ್ನು ನೋಡಲಿಲ್ಲ, ಆ ಕೈಗಳನ್ನೇ ನೋಡುತ್ತಿದ್ದ. ತನ್ನ ಕಿರುಬೆರಳನ್ನು ಡಬ್ಬಿಯ ಅಡಿಯಿಂದ ಹೊರಗೆ ತೆಗೆದ.

"ಚಾರ್ಜ್ ಮಾಡೋಕೆ ಮುಂಚೆ ಎಷ್ಟಿತ್ತೋ ಈಗಲೂ ಅಷ್ಟೇ," ಎಂದು ಮಗಳು ಕಾಗದ ನೀಡಿದಳು. "ಲೆಕ್ಕ ಹಾಕಿದ್ರೆ, ಒಳಗೆ ಸೇರಿದ ಶಕ್ತಿಗೂ ತೂಕ ಇರೋದ್ರಿಂದ, ಚಾರ್ಜ್ ಆದಮೇಲೆ ತೂಕ ಜಾಸ್ತೀನೇ ಆಗ್ಬೇಕು. ಆದ್ರೆ ಎಷ್ಟು ಅಂತೀರಾ, ಒಂದು ಕೂದಲನ್ನ ಹತ್ತು ಲಕ್ಷ ಚೂರು ಮಾಡಿದ್ರೆ ಅದ್ರಲ್ಲಿ ಒಂದು ಚೂರು. ನನ್ನ ತಕ್ಕಡಿಗೆ ಅದು ಕಾಣಲ್ಲ. ಕಾಣದೇ ಇರೋದನ್ನ ನಾನು ಬರೆದಿಲ್ಲ." ಕಾಗದದ ಕೆಳಗೆ ಅವಳ ಹೆಸರು, ಒಂದಕ್ಷರವೂ ನುಂಗದೆ, ಉದ್ದಕ್ಕೂ ಬರೆದಿತ್ತು.

ಮ್ಯಾನೇಜರ್ ಎರಡು ಸಲ ಓದಿದ. ಪ್ರಿಂಟಾದ ಡಬ್ಬಗಳು ಕಣ್ಮುಂದೆ ಬಂದಿರಬೇಕು, ಹಣೆ ಉಜ್ಜಿಕೊಂಡ. ಆದರೆ ಕೆಟ್ಟವನಲ್ಲ. "ಡಬ್ಬ ಹೋಗ್ಲಿ ಬಿಡಿ. ಅದು ಅಂಗಡಿಗೆ ಹೋಗಿದ್ರೆ ಮಾನ ಹೋಗ್ತಿತ್ತು," ಎಂದವನೇ ಅಪ್ಪನ ಕಡೆ ತಿರುಗಿದ. "ನೀವು ಹೇಳಿದ್ದು ನಿಜ ಯಜಮಾನ್ರೇ. ನಿಮ್ಮ ತಕ್ಕಡಿ ಪಕ್ಕ ಕೂತು ಕಲಿತವರು ಅಂದ್ರೆ ಸುಮ್ನೇನಾ."

ಆ ಮಾತನ್ನು ಹಾಗೇ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಅಪ್ಪ ಎದ್ದು ನಿಂತ. ಆರಿಹೋದ ಡಬ್ಬಿಯನ್ನು ಮಗಳ ಕೈಗೆ ಕೊಟ್ಟ. ಅವಳ ಮುಖ ನೋಡಿದ, ಅವಳೂ ನೋಡಿದಳು.

"ನಾನು ಕಲಿಸಿದ್ದಲ್ಲ ಸಾರ್," ಎಂದ ಅಪ್ಪ, ತಲೆ ಎತ್ತಿಕೊಂಡೇ. "ನನ್ನನ್ನ ನೋಡಿ ಕಲಿತಿದ್ದು."