ಹಾಸ್ಟೆಲ್‌ಗೆ ಬರಲಾಗದ ನರ್ಸ್

ಸಂದರ್ಶನ ಮಾಡಿ ಮಾಡಿ ಪ್ರಿನ್ಸಿಪಾಲ್ ಫ್ಲೇವಿಯಾ ಮೇಡಂಗೆ ಅಂದು ಸಾಕುಸಾಕಾಗಿತ್ತು...

ಹಳ್ಳಿ ದವಾಖಾನೆಗಳಿಗೆ ನರ್ಸ್‌ಗಳೇ ಸಿಗುತ್ತಿಲ್ಲವೆಂದು, ಹಳ್ಳಿಯ ಹೆಣ್ಣುಮಕ್ಕಳಿಗೇ ನರ್ಸಿಂಗ್ ಕಲಿಸುವ ಶಾಲೆ ಅವರದು. ಉಳಿದಿದ್ದು ಒಂದೇ ಸೀಟು.

ಕೊನೆಗೆ ಬಂದವಳು ಹುಲಿಗೆವ್ವ. ಪಿಯುಸಿ ಪಾಸು, ಎರಡು ಮಕ್ಕಳ ತಾಯಿ. ಅವಳ ಚುರುಕು ಮಾತು ಮೇಡಂಗೆ ಹಿಡಿಸಿತು.

"ಹಾಸ್ಟೆಲ್‌ನಲ್ಲೇ ಇರಬೇಕಮ್ಮ, ಗೊತ್ತಲ್ಲ?"

"ಅದೊಂದು ಆಗೂದಿಲ್ರಿ ಮೇಡಂ... ನಮ್ಮ ಎಮ್ಮಿ ನನ್ನ ಬಿಟ್ಟು ಬ್ಯಾರೆದವ್ರಿಗೆ ಹಿಂಡಾಕ ಕೊಡೂದಿಲ್ರಿ. ಒದೀತೈತಿ!"

ಪಕ್ಕದಲ್ಲಿದ್ದ ಟೀಚರ್‌ಗಳು ಬಿದ್ದು ಬಿದ್ದು ನಕ್ಕರು. ಮೇಡಂಗೂ ನಗು ತಡೆಯಲಾಗಲಿಲ್ಲ.

"ಹಾಗಾದ್ರೆ ಎಮ್ಮೆನೇ ನೋಡ್ಕೊಂಡಿರಮ್ಮ" ಎಂದು ಅರ್ಜಿಯನ್ನು ಪಕ್ಕಕ್ಕಿಟ್ಟರು.

ಹುಲಿಗೆವ್ವ ಏಳಲಿಲ್ಲ... ಗೋಡೆಯ ಮೇಲಿದ್ದ ಫೋಟೋ ತೋರಿಸಿದಳು. ಇಲ್ಲೇ ಕಲಿತು ಸಿಟಿಯ ದೊಡ್ಡ ಆಸ್ಪತ್ರೆ ಸೇರಿದ, ಶಾಲೆಯ ಹೆಮ್ಮೆಯ ಹುಡುಗಿ.

"ಈಕಿ ನಮ್ಮೂರಾಕಿನ್ರಿ. ಉದ್ಧಾರ ಆದ್ಲು, ಚಲೋ ಆತು... ಆದ್ರ ನಮ್ಮೂರ ದವಾಖಾನಿ ಕೆಲಸ ಬಿಟ್ಟು ಆಕಿ ಹೋದ ಮ್ಯಾಲೆ ಅದರ ಕೀಲಿ ಯಾರೂ ತೆಗದಿಲ್ರಿ."

ಅವಳ ದನಿ ಕುಗ್ಗಿತು.

"ಹೋದ ವರ್ಷ ನನ್ನ ತಂಗಿ ಹಡದ್ಲು. ರಕ್ತ ನಿಲ್ಲಲಿಲ್ಲ... ಟ್ರ್ಯಾಕ್ಟರ್‌ನ್ಯಾಗ ತರೂವಾಗ ನನ್ನ ತೊಡಿ ಮ್ಯಾಲೇ ಜೀವ ಬಿಟ್ಲು. ಏನ್ ಮಾಡ್ಬೇಕಂತ ನನಗ ಗೊತ್ತಿರಲಿಲ್ರಿ. ಅದನ್ನ ಕಲಿಯಾಕ ಬಂದೀನಿ."

ಈಗ ಯಾರೂ ನಗಲಿಲ್ಲ...

ಮೇಡಂ ಕಣ್ಣು ತುಂಬಿ ಬಂತು. ಮನೆ ಬಿಟ್ಟು ಬರಬಲ್ಲವರನ್ನೇ ಆರಿಸಿ ಆರಿಸಿ, ಊರು ಬಿಟ್ಟು ಹೋಗುವವರನ್ನೇ ತಯಾರು ಮಾಡಿದೆವಲ್ಲ ಎಂದು ಅವರಿಗೆ ಆಗ ಹೊಳೆಯಿತು.

"ಸೀಟು ನಿನ್ನದೇ ಹುಲಿಗೆವ್ವ. ನೀನು ಇಲ್ಲಿಗೆ ಬರೋದು ಬೇಡ... ನಾವೇ ನಿಮ್ಮೂರಿಗೆ ಬಂದು ಕಲಿಸ್ತೇವೆ."

ಊರವರು ದವಾಖಾನೆಯ ಕೀಲಿ ತೆಗೆಸಿಕೊಟ್ಟರು. ಕ್ಲಾಸ್ ನಡೆದದ್ದು ಅಲ್ಲೇ! ಹುಲಿಗೆವ್ವನ ಜೊತೆ ಅಕ್ಕಪಕ್ಕದ ಹಳ್ಳಿಗಳ ಸೊಸೆಯಂದಿರೂ ಬಂದು ಕಲಿತರು. ಕೋರ್ಸ್ ಮುಗಿದ ಮೇಲೆ ಅವಳು ಅಲ್ಲೇ ನರ್ಸ್ ಆದಳು.

ಕೆಲವು ತಿಂಗಳ ನಂತರ ಒಂದು ಬೆಳಗ್ಗೆ ಮೇಡಂ ಫೋನ್ ರಿಂಗಾಯಿತು.

"ಮೇಡಂರೀ... ಇಲ್ಲೊಬ್ಬಾಕಿ ಹಡದ್ಲು. ರಕ್ತ ನಿಲ್ಲವಲ್ದಾಗಿತ್ತು. ನೀವು ಕಲಿಸಿದಂಗ ಇಂಜೆಕ್ಷನ್ ಕೊಟ್ಟೆ, ಹೊಟ್ಟಿ ತಿಕ್ಕಿದೆ. ಆಂಬ್ಯುಲೆನ್ಸ್ ಬರೂದ್ರಾಗ ರಕ್ತ ನಿಂತಿತ್ರಿ! ತಾಯಿ, ಕೂಸು ಇಬ್ರೂ ಅರಾಮ್ ಅದಾರ."

ಅಷ್ಟು ಹೇಳಿದವಳೇ ಗಳಗಳನೆ ಅತ್ತುಬಿಟ್ಟಳು. ಫೋನಿನ ಈ ಕಡೆ ಮೇಡಂ ಕೂಡ...

*ಊರು ಬಿಟ್ಟು ಬರಲಾಗದವರಿಗೆ ವಿದ್ಯೆ ಕೊಟ್ಟು ನೋಡಿ, ಊರಿನ ಜೀವ ಉಳಿಸುವವರು ಅವರೇ.*

ನಮ್ಮ ರೂಲ್ಸ್ ನೆಪದಲ್ಲಿ ಅಂಥವರನ್ನು ನಾವು ಎಷ್ಟು ಸಲ ಬಾಗಿಲಿಂದಲೇ ವಾಪಸ್ ಕಳಿಸಿಲ್ಲ, ಹೇಳಿ? 🙏