ಕೊಂಡು ತಂದ ಆಲ, ಕಿತ್ತು ನೆಟ್ಟ ಅರಳಿ

ಬೋನ್ಸಾಯ್ ಗಿಡವನ್ನು ಅಷ್ಟೊಂದು ದುಡ್ಡು ಕೊಟ್ಟು ತರಬೇಕಾ, ಮನೆಯಲ್ಲೇ ಬೆಳೆಸಬಹುದಾ ಅಂತ ಮೊನ್ನೆ ನಮ್ಮ ಗ್ರೂಪಿನಲ್ಲಿ ಒಬ್ಬರು ಕೇಳಿದ್ದರು...

ಯಾವುದು ಲಾಭ ಅಂತ ನನಗೆ ಗೊತ್ತಿಲ್ಲ. ಒಂದು ಮನೆಯಲ್ಲಿ ನಡೆದದ್ದು ಮಾತ್ರ ಗೊತ್ತು. ಎರಡು ನಿಮಿಷ ಬಿಡುವಿದ್ದರೆ ಓದಿ...

ದಾವಣಗೆರೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಚನ್ನವೀರಪ್ಪ ನಮ್ಮ ಬೀದಿಯವರು. ಬೆಳಗಿನ ವಾಕಿಂಗಿಗೆ ನನ್ನ ಜೊತೆಗಾರರು. ಇದರಲ್ಲಿ ಹೆಚ್ಚಿನದು ಅವರೇ ಹೇಳಿದ್ದು.

ಯಾವುದಕ್ಕೂ ಕಾಯುವ ಮನುಷ್ಯ ಅಲ್ಲ. ಹಾಲು ಒಲೆಗೆ ಇಡುವ ಮೊದಲೇ ಟೀ ಕೇಳುವ ಪೈಕಿ.

ಅವರ ಹೆಂಡತಿ ಸರ್ವಮಂಗಳಾ ಅವರಿಗೆ ಮದುವೆಯಾದಾಗಿನಿಂದ ಒಂದು ಆಸೆ... ಮನೆಯಲ್ಲೊಂದು ಬೋನ್ಸಾಯ್ ಇಡಬೇಕು.

ಅತ್ತೆ ಬಿಡಲಿಲ್ಲ. "ಗಿಡ್ಡ ಮರ ಇಟ್ಟ ಮನ್ಯಾಗೆ ವಂಶ ಬೆಳಿಯಂಗಿಲ್ಲ" ಅಂದುಬಿಟ್ಟರು.

ಗಿಡ ಇಡಲಿಲ್ಲ... ಆದರೂ ಮಕ್ಕಳಾಗಲಿಲ್ಲ.

ಅತ್ತೆ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಸರ್ವಮಂಗಳಾಗೆ ಕ್ಯಾನ್ಸರ್ ಬಂತು. ಡಾಕ್ಟರು ಚನ್ನವೀರಪ್ಪನವರನ್ನು ಮಾತ್ರ ಒಳಗೆ ಕರೆದು, "ಮುಂದಿನ ಯುಗಾದಿ ನೋಡೋದು ಕಷ್ಟ" ಎಂದರು.

ಹೆಂಡತಿಗೆ ಅವರು ಅದನ್ನು ಹೇಳಲಿಲ್ಲ. ಸೀದಾ ನರ್ಸರಿಗೆ ಹೋದರು.

ಒಂದು ಹೊಸ ಸ್ಕೂಟರ್ ಬರುವಷ್ಟು ದುಡ್ಡು ಸುರಿದು, ಮೂವತ್ತು ವರ್ಷ ಹಳೆಯ ಆಲದ ಬೋನ್ಸಾಯ್ ತಂದರು. ಬಿಳಲು ಬಿಟ್ಟ ಪೂರಾ ಮರ... ಊಟದ ತಟ್ಟೆಯಷ್ಟು ಅಗಲದ ಕುಂಡದಲ್ಲಿ.

ದಿನಾ ನರ್ಸರಿಯ ಆಳೇ ಬಂದು ನೀರು ಹಾಕಿ ಹೋಗುತ್ತಾನೆ ಎಂದು ಮಾತಾಯಿತು.

ಸರ್ವಮಂಗಳಾ ಎಲೆ ಮುಟ್ಟಿ ನೋಡಿದರು. "ಚೆಂದ ಐತ್ರಿ" ಎಂದರು. ಅಷ್ಟೇ.

ಮರುದಿನ ಕೇಳಿದರು, "ನಮ್ಮ ಗೋಡೌನ್ ಗ್ವಾಡಿ ಬಿರುಕಿನ್ಯಾಗೆ ಅರಳಿ ಸಸಿ ಎದ್ದಾವಲ್ಲ... ಬೇರು ಹರಿಯದಂಗೆ ಒಂದು ಕಿತ್ಕೊಂಡು ಬರ್ತೀರಾ?"

ಗೋಡೆ ಒಡೆಯುತ್ತದೆ ಅಂತ ಆ ಸಸಿಗಳಿಗೆ ಪ್ರತಿ ವರ್ಷ ಆಸಿಡ್ ಹಾಕಿಸುತ್ತಿದ್ದವರು ಇದೇ ಚನ್ನವೀರಪ್ಪ. ಈಗ ತಾವೇ ಏಣಿ ಹತ್ತಿ, ಉಳಿಯಿಂದ ಸಿಮೆಂಟು ಕೆತ್ತಿ, ಬೆರಳುದ್ದದ ಸಸಿ ತಂದರು.

ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ಸರ್ವಮಂಗಳಾ ಹೇಳಿಕೊಟ್ಟರು, ಇವರು ಕುಂಡದಲ್ಲಿ ನೆಟ್ಟರು.

ನೆಟ್ಟ ಮೇಲೆ ಸುಮ್ಮನಿರಬೇಕಲ್ಲ... ಬೇರು ಹಿಡಿಯಿತಾ ಅಂತ ದಿನಾ ಮಣ್ಣು ಕೆದಕಿ ನೋಡುವುದು.

"ಅರಳಿ ಮರ ಸುತ್ತಿದ ಕೂಡ್ಲೆ ಹೊಟ್ಟೆ ಮುಟ್ಟಿ ನೋಡ್ಕೊಂಡಂಗಾತು ನಿಮ್ದು" ಎಂದು ಸರ್ವಮಂಗಳಾ ನಕ್ಕರು.

ಮಕ್ಕಳಿಗಾಗಿ ಎಷ್ಟೋ ವರ್ಷ ಅರಳಿ ಸುತ್ತಿದ್ದ ಹೆಂಗಸು, ಆ ಗಾದೆ ಹೇಳಿ ನಕ್ಕರು... ಚನ್ನವೀರಪ್ಪನವರಿಗೆ ನಗು ಬರಲಿಲ್ಲ.

"ಕೆಳಗಿನ ಆಲದಂಗೆ ಆಗಾಕೆ ಇದಕ್ಕೆ ಎಷ್ಟು ವರ್ಷ ಬೇಕು?" ಎಂದು ಕೇಳಿದರು.

"ಮೂವತ್ತು ಅಂತ ಇಟ್ಕೊಳ್ರಿ."

"ಮೂವತ್ತು ವರ್ಷ ಯಾರು ನೋಡಾಕೆ ಇರ್ತಾರೆ? ಅದಕ್ಕೇ ಅಲ್ಲೇನು ನಾನು ಬೆಳೆದದ್ದೇ ತಂದಿದ್ದು?"

ಬಾಯಿ ತಪ್ಪಿ ಬಂದ ಮಾತು. ಇಷ್ಟು ದಿನ ಮುಚ್ಚಿಟ್ಟದ್ದೆಲ್ಲ ಅದರಲ್ಲೇ ಹೊರಬಿತ್ತು...

ಕೆದಕಿದ ಮಣ್ಣನ್ನು ಬೆರಳಿನಿಂದ ಸರಿ ಮಾಡುತ್ತಾ ಸರ್ವಮಂಗಳಾ ಹೇಳಿದರು, "ನಂಗೆ ಗೊತ್ತೈತ್ರಿ. ಡಾಕ್ಟರ ಕೋಣೆಯಿಂದ ನೀವು ಹೊರಗೆ ಬಂದಾಗ ನಿಮ್ಮ ಮುಖ ನೋಡೇ ಗೊತ್ತಾತು."

ಅವರೇ ಮುಂದುವರಿಸಿದರು, "ಈ ಅರಳಿ ನಾನು ನೋಡಾಕೆ ಅಲ್ಲ. ಅಂಗಡಿ ತಮ್ಮನ ಮಗನಿಗೆ ಬಿಡ್ತೀನಿ, ನಂಗೆ ಇನ್ನೇನೂ ಬ್ಯಾಡ ಅಂತ ಫೋನಿನ್ಯಾಗೆ ಹೇಳ್ತಿದ್ರಿ... ಕೇಳಿಸ್ಕೊಂಡೆ. ನಾನು ಹೋದ ಮ್ಯಾಲೆ ನೀವು ಹಾಸಿಗೆ ಬಿಟ್ಟು ಏಳಂಗಿಲ್ಲ."

"ಕೊಂಡು ತಂದಿದ್ದಕ್ಕೆ ಆಳು ಬಂದು ನೀರು ಹಾಕ್ತಾನೆ. ಇದಕ್ಕೆ ನೀವೇ ಏಳಬೇಕು... ಅದಕ್ಕೇ ಸಸಿ ತರಿಸಿದ್ದು."

ಚನ್ನವೀರಪ್ಪ ಚೊಂಬು ತಂದು ಸಸಿಗೆ ನೀರು ಹಾಕಿದರು.

ಸಂಕ್ರಾಂತಿ ಕಳೆದು ಬಿಸಿಲು ಏರುವ ಹೊತ್ತಿಗೆ ಸರ್ವಮಂಗಳಾ ಹೋಗಿಬಿಟ್ಟರು...

ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿಯುವವರೆಗೂ ಮನೆ ತುಂಬ ನೆಂಟರು. ಹೆಂಡತಿ ಹೇಳಿದಂತೆಯೇ ಆಯಿತು, ಚನ್ನವೀರಪ್ಪ ಹಾಸಿಗೆ ಬಿಟ್ಟು ಏಳಲಿಲ್ಲ. ಮಹಡಿಯ ಕಡೆ ಯಾರಿಗೂ ನೆನಪಾಗಲಿಲ್ಲ.

ನೆಂಟರೆಲ್ಲ ಹೊರಟ ಮೇಲೆ ಚನ್ನವೀರಪ್ಪ ನನ್ನನ್ನೂ ಕರೆದುಕೊಂಡು ಮಹಡಿ ಹತ್ತಿ ನೋಡಿದರೆ... ಸಸಿ ಒಣಗಿ ಕಡ್ಡಿಯಾಗಿತ್ತು. ಮುಟ್ಟಿದರೆ ಪಟ್ಟನೆ ಮುರಿಯಿತು.

ಕೆಳಗೆ, ಸರ್ವಮಂಗಳಾ ಅವರ ಫೋಟೋ ಪಕ್ಕದಲ್ಲಿ ಆಲ ಮಾತ್ರ ಹೊಸ ಚಿಗುರು ಬಿಟ್ಟಿತ್ತು. ಆಳು ಒಂದು ದಿನವೂ ತಪ್ಪಿಸಿರಲಿಲ್ಲ.

ಹೆಂಡತಿಯನ್ನು ಮಣ್ಣು ಮಾಡುವಾಗಲೂ ಅಳದ ಮನುಷ್ಯ, ಒಣಗಿದ ಸಸಿಯ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತರು.

"ಒಂದು ಚೊಂಬು ನೀರು... ಅಷ್ಟೇ ಕೇಳಿದ್ದು ಆಕಿ ನನ್ನ" ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ.

ಆಮೇಲೆ ಅವರು ವಾಕಿಂಗಿಗೆ ಬರುವುದು ನಿಂತೇ ಹೋಯಿತು. ಬಾಗಿಲು ಬಡಿದರೂ ತೆರೆಯುತ್ತಿರಲಿಲ್ಲ. ಇನ್ನು ಈ ಮನುಷ್ಯನೂ ಉಳಿಯುವುದಿಲ್ಲ ಎಂದೇ ನಾವೆಲ್ಲ ಅಂದುಕೊಂಡಿದ್ದೆವು...

ಒಂದು ಬೆಳಿಗ್ಗೆ ಅವರ ಗೋಡೌನ್ ದಾರಿಯಲ್ಲಿ ಹೋಗುತ್ತಿದ್ದೆ. ಏಣಿಯ ಮೇಲೆ ಯಾರೋ ನಿಂತು ಅರಳಿ ಸಸಿಯೊಂದರ ಸುತ್ತ ಗೋಡೆ ಕೆತ್ತುತ್ತಿದ್ದರು. ಗಡ್ಡ ಬೆಳೆದಿತ್ತು, ಅಂಗಿ ಜೋತುಬಿದ್ದಿತ್ತು... ಹತ್ತಿರ ಹೋದ ಮೇಲೇ ಗುರುತು ಸಿಕ್ಕಿದ್ದು.

"ಚನ್ನವೀರಪ್ಪನೋರೆ, ಇದೇನ್ರಿ ಇಷ್ಟು ಬೆಳಿಗ್ಗೆ?"

ಅವರು ತಿರುಗಲಿಲ್ಲ. "ಆಕಿ ಗಿಡ ನನ್ನ ಕೈಯಾಗೆ ಹೋತು... ಆಕಿ ಹೇಳಿದ ಕೆಲಸ ಇನ್ನೂ ಐತಿ. ಕಾಲು ನಡುಗ್ತಾವೆ, ಸ್ವಲ್ಪ ಏಣಿ ಹಿಡ್ಕೊಳ್ರಿ."

ಹಿಡಿದುಕೊಂಡೆ...

*ಕೊಂಡು ತಂದದ್ದು ಮನೆಯ ಮೂಲೆ ತುಂಬುತ್ತದೆ... ಬೆಳೆಸುವುದು ಮಾತ್ರ ನಮ್ಮನ್ನು ಬೆಳಿಗ್ಗೆ ಎಬ್ಬಿಸುತ್ತದೆ.*

ನಾಳೆ ನೀವು ಏಳದೇ ಹೋದರೆ ಬಾಡಿಹೋಗುವಂಥದ್ದು... ನಿಮ್ಮ ಮನೆಯಲ್ಲಿ ಏನಿದೆ?