ಏಳೂವರೆಯ ದನಿ

"ಒಳಗಿನ ಸಾಮಾನು ಬದಲಿಸಿದ್ದೀಯ," ಎಂದು ಶೇರ್ಕೊ ಟ್ರಾನ್ಸಿಸ್ಟರನ್ನು ಮೇಜಿನ ಮೇಲೆ ಕುಕ್ಕಿದ. ಬೈಕುಲ್ಲಾದ ಚಾಳೊಂದರ ಮೆಟ್ಟಿಲ ಕೆಳಗೆ ಹದಿನಾಲ್ಕು ವರ್ಷದಿಂದ ರೇಡಿಯೋ ರಿಪೇರಿ ಮಾಡುತ್ತಿದ್ದ ವಿಜಾಪುರದ ಶೆಟ್ಟೆಪ್ಪನನ್ನು ಅಲ್ಲಿಯವರೆಗೆ ಯಾರೂ ಕಳ್ಳ ಅಂದಿರಲಿಲ್ಲ. ಇರಾಕಿನಿಂದ ಕಾಲೇಜು ಓದಲು ಬಂದ ಈ ಪುಣ್ಯಾತ್ಮ ಮೂರು ದಿನದಲ್ಲಿ ಮೂರನೇ ಸಲ ಅನ್ನುತ್ತಿದ್ದ. ಇಬ್ಬರೂ ಆಡುತ್ತಿದ್ದದ್ದು ಮುಂಬೈ ಹಿಂದಿ. ಒಬ್ಬನದು ವಿಜಾಪುರದ ದಾರಿ ಹಿಡಿದು ಬಂದದ್ದು, ಇನ್ನೊಬ್ಬನದು ಬಗದಾದಿನ ದಾರಿ.

"ನಾ ಹಾಕಿದ್ದು ಬರೇ ಡಯಲ್ಲಿನ ದಾರ, ಭಾಯಿ. ಮುಳ್ಳು ಸರಿದಾಡವಲ್ದು ಅಂತ ನೀನ ತಂದಿದ್ದಿ. ಈಗ ಹೆಂಗ ಓಡ್ತೈತಿ ನೋಡು."

"ಮುಳ್ಳು ಓಡುತ್ತದೆ. ನನ್ನ ಸ್ಟೇಷನ್ ಬರುವುದಿಲ್ಲ."

ಸಂಜೆ ಏಳೂವರೆ ದಾಟಿತ್ತು. ಶೆಟ್ಟೆಪ್ಪ ಡಯಲ್ಲಿನ ಗುಂಡಿ ತಿರುಗಿಸಿದ. ವಿವಿಧ ಭಾರತಿ ಬಂತು, ಸಿಲೋನ್ ಬಂತು, ಅರಬ್ಬಿಯವರು ಬಂದರು, ರಷ್ಯಾದವರೂ ಬಂದು ಏನೋ ಗದರಿಸಿ ಹೋದರು. ಶೇರ್ಕೊ ಬೆರಳಿಟ್ಟು ತೋರಿಸಿದ ಒಂದು ಜಾಗದಲ್ಲಿ ಮಾತ್ರ ಬರೀ ಸುಂಯ್ ಅನ್ನುವ ಸದ್ದು. ಇಷ್ಟೆಲ್ಲ ಬಿಟ್ಟು ಇವನಿಗೆ ಅದೊಂದೇ ಏಕೆ ಬೇಕು? ನಾಲ್ಕು ವರ್ಷದ ಹಿಂದೆ, ಎಪ್ಪತ್ತೊಂದರಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ ಪೊಲೀಸರು ಅಂಗಡಿಗೆ ಬಂದು, ಯಾರು ಬರುತ್ತಾರೆ, ಏನು ಕೇಳುತ್ತಾರೆ ಎಂದೆಲ್ಲ ವಿಚಾರಿಸಿದ್ದರು. ಅಂದಿನಿಂದ ಉದ್ದ ಏರಿಯಲ್ ತಂತಿ ಕೇಳಿದ ಗಿರಾಕಿಯನ್ನೂ ಶೆಟ್ಟೆಪ್ಪ ಕೆಳಗಿಂದ ಮೇಲೆ ನೋಡುತ್ತಿದ್ದ. ಇವನು ಯಾವುದೋ ದೇಶದ ಗೂಢಚಾರನೇ ಇರಬೇಕು, ತನ್ನ ಕೊರಳಿಗೂ ಏನಾದರೂ ಕಟ್ಟಿ ಹೋಗುತ್ತಾನೆ ಎಂದುಕೊಂಡ.

ಆ ಧಂದೆಯಲ್ಲಿ ಒಂದು ರಿವಾಜು ಇತ್ತು. ಸೆಟ್ಟು ಒಪ್ಪಿಸುವಾಗ ಗಿರಾಕಿ ಒಳಗಿನ ಸಾಮಾನುಗಳ ಮೇಲೆ ಪೆನ್ನಿನಿಂದ ತನ್ನ ಸಹಿ ಹಾಕಬೇಕು; ಆಮೇಲೆ ಬದಲಾಯಿತು, ಕದ್ದರು ಎಂಬ ತಂಟೆಯಿಲ್ಲ. ಶೆಟ್ಟೆಪ್ಪ ಹಿಂದಿನ ಮುಚ್ಚಳ ಬಿಚ್ಚಿದ. ಕಾಯಿಲ್ ಮೇಲೆ, ಸ್ಪೀಕರಿನ ಮೇಲೆ, ಬಲದಿಂದ ಎಡಕ್ಕೆ ಹೋದ ಆ ಬಳುಕು ಅಕ್ಷರಗಳು ಇದ್ದಹಾಗೇ ಇದ್ದವು.

"ನಿಂದ ಸಹಿ ಹೌದಲ್ಲೊ?"

ಶೇರ್ಕೊ ಬಗ್ಗಿ ನೋಡಿದ. "ನನ್ನದೇ. ಆದರೆ ನಾನು ಸಹಿ ಹಾಕದ ಯಾವುದೋ ಸಣ್ಣ ಸಾಮಾನು ಇದೆ. ಅದನ್ನು ತೆಗೆದಿದ್ದೀಯ."

ಶೆಟ್ಟೆಪ್ಪನಿಗೆ ರೇಗಿತು. "ಅಂಥಾದ್ದೇನೈತಿ ಆ ಸ್ಟೇಷನ್ನಿನಾಗ?"

"ನನ್ನ ತಮ್ಮ," ಅಂದ ಶೇರ್ಕೊ. "ನಾವು ಕುರ್ದರು. ನಮ್ಮವರು ಗುಡ್ಡದಲ್ಲಿದ್ದು ಇರಾಕಿನ ಸರಕಾರದ ವಿರುದ್ಧ ಕಾದಾಡುತ್ತಿದ್ದಾರೆ. ಸ್ಟೇಷನ್ನೂ ಅವರದೇ. ನಿಮ್ಮ ಇಲ್ಲಿಯ ಸಂಜೆ ಏಳೂವರೆಗೆ ತಮ್ಮ ಅದರಲ್ಲಿ ಸುದ್ದಿ ಓದುತ್ತಾನೆ. ಮನೆಯಿಂದ ಕಾಗದ ಬಂದು ಆರು ತಿಂಗಳಾಯಿತು. ಅವನ ದನಿ ಕೇಳಿದರೆ ಅವತ್ತು ಅವನು ಇದ್ದಾನೆ ಅಂತ." ಸೆಟ್ಟನ್ನು ಅಲ್ಲೇ ಬಿಟ್ಟು, "ನಾಳೆ ಬರುತ್ತೇನೆ, ಸರಿ ಮಾಡಿಡು," ಎಂದು ನಡೆದ.

ಇದೂ ಕಟ್ಟುಕತೆ ಇದ್ದೀತು ಅನ್ನುತ್ತಲೇ ಶೆಟ್ಟೆಪ್ಪ ಮರುದಿನ ಬೆಳಿಗ್ಗೆ ಗೆಳೆಯ ಧರ್ಮಣ್ಣನನ್ನು ಕೇಳಿದ. ಮಿಲ್ಲಿನ ಕಾರಕೂನ ಧರ್ಮಣ್ಣ ಅಂಗಡಿಯ ಬಾಂಕಿನ ಮೇಲೆ ಕೂತು ಪೇಪರು ಪೂರ್ತಿ ಓದಿಯೇ ಕೆಲಸಕ್ಕೆ ಹೋಗುವವನು.

"ಕುರ್ದರಾ? ಮುಗೀತಲ್ಲೊ ಅವರ ಕತಿ," ಅಂದ ಧರ್ಮಣ್ಣ. "ಇರಾಕಿನ ಬೆನ್ನಿಗೆ ರಷ್ಯಾ. ಅದಕ್ಕಂತ ಇರಾನಿನ ಶಹಾ ಈ ಮಂದಿಗೆ ಬಂದೂಕು ಕೊಟ್ಟು ಕುಣಿಸಿದ. ಶಹಾನ ಹಿಂದ ಅಮೇರಿಕಾ ಐತಿ ಅಂತಾರ. ಈ ತಿಂಗಳ ಶಹಾಗೂ ಇರಾಕಿಗೂ ರಾಜಿ ಆತು. ಶಹಾಗ ಬೇಕಾದ ನದಿ ಗಡಿ ಸಿಕ್ತು, ಇವರನ್ನ ನಡುನೀರಿನಾಗ ಬಿಟ್ಟ. ಗುಡ್ಡದಾಗ ಈಗ ಇರಾಕಿನ ಫೌಜು ಹೊಕ್ಕೈತಂತ."

"ಅವರದೊಂದು ರೇಡಿಯೋ ಸ್ಟೇಷನ್ ಇತ್ತಂತಲ್ಲ?"

"ಅವರ ಊರಾಗ ಮಂದೀನ ಉಳಿದಿಲ್ಲಂತ, ಸ್ಟೇಷನ್ ಎಲ್ಲಿಂದ ತರ್ತಿ?"

ಶೆಟ್ಟೆಪ್ಪನಿಗೆ ಅವತ್ತು ಒಂದು ಸೆಟ್ಟೂ ರಿಪೇರಿಯಾಗಲಿಲ್ಲ. ಪಾಪ, ಆ ಮನುಷ್ಯನನ್ನು ಗೂಢಚಾರ ಅಂದುಕೊಂಡೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಸಂಜೆ ಏಳರ ಹೊತ್ತಿಗೆ ಶೇರ್ಕೊ ಬಂದು ನಿಂತ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಗಿದ್ದವು.

"ಭಾಯಿ, ಸೆಟ್ಟಿಗೆ ಏನೂ ಆಗಿಲ್ಲ," ಎಂದು ಶೆಟ್ಟೆಪ್ಪ ಮೆತ್ತಗೆ ಶುರು ಮಾಡಿದ. "ಪೇಪರಿನಾಗ ಬಂದೈತಲ್ಲ, ರಾಜಿ..."

"ಓದಿದೆ. ಪೇಪರಿನವರು ಬಗದಾದು ಹೇಳಿಕೊಟ್ಟದ್ದನ್ನು ಬರೆಯುತ್ತಾರೆ." ಶೇರ್ಕೊ ಎರಡೂ ಕೈಯಿಂದ ಮೇಜನ್ನು ಹಿಡಿದುಕೊಂಡ. "ಸಾಮಾನು ನೀನೇ ತೆಗೆದಿದ್ದೀಯ. ಒಪ್ಪಿಕೊ. ನಾನು ಯಾರಿಗೂ ಹೇಳುವುದಿಲ್ಲ. ತೆಗೆದಿದ್ದೇನೆ ಅಂತ ಒಂದು ಮಾತು ಹೇಳು, ಸೇಠ್."

ಅದು ಬಯ್ಗುಳವಲ್ಲ, ಬೇಡಿಕೆ ಎಂದು ಶೆಟ್ಟೆಪ್ಪನಿಗೆ ಆಗ ತಿಳಿಯಿತು. ಶೆಟ್ಟೆಪ್ಪ ಕಳ್ಳನಾದರೆ ಸ್ಟೇಷನ್ ಇದೆ. ಸ್ಟೇಷನ್ ಇದ್ದರೆ ತಮ್ಮ ಇದ್ದಾನೆ. ಶೇರ್ಕೊನಿಗೆ ಒಬ್ಬ ಕಳ್ಳ ಬೇಕಾಗಿದ್ದ. ಒಪ್ಪಿಕೊಂಡರೆ ಹದಿನಾಲ್ಕು ವರ್ಷ ಜೋಪಾನ ಮಾಡಿದ ಹೆಸರು ಹೋಗುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಒಮ್ಮೆ ನೋಡಿಕೊಂಡ.

"ಹೌದಪಾ," ಅಂದ. "ನಾನ ತಗದೀನಿ. ಎಂಟು ದಿನ ತಡಿ, ಹೊಳ್ಳಿ ಹಾಕಿ ಕೊಡ್ತೀನಿ."

ಶೇರ್ಕೊ ರೇಗಲಿಲ್ಲ. ಶೆಟ್ಟೆಪ್ಪನ ಮುಖವನ್ನು ನೋಡಿದ. ಮೇಜು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲಾದವು.

"ಇಲ್ಲ ಸೇಠ್," ಎಂದ. "ನೀನು ಕಳ್ಳನಲ್ಲ."